ಮೂಲೆಯ ಮೇಲೆ ನಿಂತ ಚೌಕ

ಮೊನ್ನೆ ಎಗ್ಮೋರಿನ ಒಂದು ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಊರಿನಿಂದ ಮೈದುನನ ಸಂಸಾರ ಬಂದಿತ್ತು. ಅವನ ಮಗಳು ಈಗ ಆರನೇ ಕ್ಲಾಸು, ಅವಳಿಗೊಂದು ಜಾಮೆಟ್ರಿ ಬಾಕ್ಸ್ ಕೊಡಿಸೋಣ ಅಂತ. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ತಗಡಿನ ವಾಸನೆ, ಹೊಸ ರಬ್ಬರಿನ ವಾಸನೆ, ಕೈವಾರದ ತಿರುಪಿಗೆ ಹಚ್ಚಿದ ಎಣ್ಣೆಯ ವಾಸನೆ. ನಾನು ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದೆ. ಅದೆಲ್ಲ ಆಗಿ ಐದು ವರ್ಷ ಕಳೆದಿದೆ. ಈಗಲೂ ಆ ವಾಸನೆ ಬಂದರೆ ಯಾರೋ ಹಿಂದಿನಿಂದ ಬಂದು ಮಾರ್ಕ್ಸ್ ಕಾರ್ಡ್ ಎಲ್ಲಿ ಅಂತ ಕೇಳುವ ಹಾಗಾಗುತ್ತದೆ. ಅಂಗಡಿಯವನು ಬೇಕೋ ಬೇಡವೋ ಅಂತ ತಮಿಳಿನಲ್ಲಿ ಎರಡು ಸಲ ಕೇಳಿದ. ಬೇಕು ಮಾರಾಯ, ಬೇಕು ಅಂತ ಕನ್ನಡದಲ್ಲೇ ಹೇಳಿ ಡಬ್ಬಿ ಇಸಿದುಕೊಂಡು ಹೊರಟೆ.

ನಾನು ಮೊದಲೇ ಕೂತಲ್ಲಿ ಕೂರದವಳು. ಅನ್ನ ಬೇಯುವಷ್ಟು ಹೊತ್ತು ಒಲೆಯ ಮುಂದೆ ನಿಂತವಳಲ್ಲ, ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದಿರುತ್ತೇನೆ. ಆ ವರ್ಷವಂತೂ ನನಗೆ ಒಂದು ನಿಮಿಷ ನೆಮ್ಮದಿ ಇರಲಿಲ್ಲ. ಜೂನಿನಿಂದ ಮುಂದಿನ ಜುಲೈವರೆಗೆ ಮುಳ್ಳಿನ ಮೇಲೆ ಕೂತ ಹಾಗೆ ಇದ್ದೆ. ಕಾರಣ ಒಂದೇ. ನಾನು ಹೇಳಿದ ಒಂದು ಅರ್ಧ ಸುಳ್ಳು.

ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ಇವರು, ಅಂದರೆ ನನ್ನ ಗಂಡ ವಾಸುದೇವ, ಹದಿನಾಲ್ಕನೇ ವಯಸ್ಸಿಗೆ ಮದ್ರಾಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಸ್ವೀಟ್ ಮಾಸ್ಟರ್ ಆದವರು. ಓದಿದ್ದು ಐದನೇ ಕ್ಲಾಸು. ಹೆಣ್ಣು ನೋಡಲು ಬಂದ ದಿನ ಇವರ ಅಕ್ಕ ನನ್ನನ್ನು ಎಷ್ಟು ಓದಿದ್ದಿ ಅಂತ ಕೇಳಿದರು. ಎಸ್ಸೆಸ್ಸೆಲ್ಸಿ ಅಂದೆ. ಓದಿದ್ದು ನಿಜವೇ ತಾನೆ? ಪಾಸೋ ಫೇಲೋ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯ ಮಾತ್ರ ಒಂದು ಸಲ ಕೆಮ್ಮಿದರು. ಗಣಿತದಲ್ಲಿ ನನಗೆ ಬಂದದ್ದು ಇಪ್ಪತ್ತೆಂಟು. ಪಾಸಾಗಲು ಮೂವತ್ತೈದು ಬೇಕಿತ್ತು.

ಇವರಿಗೆ ಅದು ಎಂಥ ಹೆಮ್ಮೆ ಆಯಿತು ಅಂದರೆ, ಮದುವೆಯಾಗಿ ಎಗ್ಮೋರಿನ ಒಂದು ಕೋಣೆಯ ಮನೆಗೆ ಬಂದು ಎಂಟು ದಿನ ಆಗಿಲ್ಲ, ಹೋಟೆಲಿನ ಕಿಚನ್ ಪೂರ್ತಿ ಸುದ್ದಿ ಹರಡಿತ್ತು. ವಾಸಣ್ಣನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸ್. ಅಲ್ಲಿದ್ದವರೆಲ್ಲ ನಮ್ಮ ಕಡೆಯವರೇ, ಕೋಟ, ಬೈಂದೂರು, ಸಿದ್ದಾಪುರದ ಕಡೆಯವರು. ವಾರದ ರಜೆ ಬಂದರೆ ಬ್ಯಾಂಕಿನ ಫಾರಂ, ರೇಷನ್ ಕಾರ್ಡಿನ ಫಾರಂ, ಆಸ್ಪತ್ರೆಯ ಚೀಟಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ನನಗೆ ಅವರಿಟ್ಟ ಹೆಸರು ಎಸ್ಸೆಸ್ಸೆಲ್ಸಿ ಅತ್ತಿಗೆ. ನಾನು ಫಾರಂ ತುಂಬುತ್ತಿದ್ದರೆ ಇವರು ಪಕ್ಕದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂರುತ್ತಿದ್ದರು, ತಾವೇ ತುಂಬಿದ ಹಾಗೆ.

ಮಗಳು ಸಹನಾ ಶಾಲೆಗೆ ಸೇರಿದ ಮೇಲೆ ಅರ್ಧ ಸುಳ್ಳು ಪೂರ್ತಿ ಸುಳ್ಳಾಯಿತು. ಪ್ರತಿ ವರ್ಷ ಶಾಲೆ ಶುರುವಾದಾಗ ಮಗುವಿನ ವಿವರದ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ತಾಯಿಯ ವಿದ್ಯಾಭ್ಯಾಸ ಅಂತ ಒಂದು ಸಾಲು. ಇವರು ಎದುರಿಗೇ ಕೂತಿರುತ್ತಿದ್ದರು. ಬೇರೆ ಏನು ಬರೆಯಲಿ? ಹತ್ತನೇ ಕ್ಲಾಸು ಪಾಸ್ ಅಂತ ನನ್ನ ಕೈಯಾರೆ ಬರೆದೆ, ವರ್ಷ ವರ್ಷವೂ ಬರೆದೆ.

ಸಹನಾ ಏಳನೇ ಕ್ಲಾಸಿಗೆ ಬಂದ ವರ್ಷ ಇದಕ್ಕೆಲ್ಲ ಕುತ್ತು ಬಂತು. ನಾನು ಆಗ ನುಂಗಂಬಾಕ್ಕಂನ ಒಂದು ಶಾಲೆಯ ಲ್ಯಾಬಿನಲ್ಲಿ ಟೆಂಪರರಿಯಾಗಿ ಕೆಲಸಕ್ಕಿದ್ದೆ. ಗಾಜಿನ ನಳಿಗೆ ತೊಳೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು, ಮಕ್ಕಳು ಚೆಲ್ಲಿದ್ದನ್ನು ಒರೆಸುವುದು. ಅಲ್ಲಿನ ಲ್ಯಾಬ್ ಅಟೆಂಡರ್ ಕಾಮಾಕ್ಷಿಯಮ್ಮ ಬರುವ ಮೇ ತಿಂಗಳಿಗೆ ರಿಟೈರ್ ಆಗುವವರಿದ್ದರು. ಆಫೀಸಿನ ಸೂಪರಿಂಟೆಂಡೆಂಟ್ ಸಾರ್ ಒಂದು ದಿನ ನನ್ನನ್ನು ಕರೆದು, ಗಿರಿಜಾ, ಆ ಜಾಗ ಪರ್ಮನೆಂಟು, ಹತ್ತನೇ ಕ್ಲಾಸು ಪಾಸಾಗಿದ್ದರೆ ಸಾಕು, ನೀನಂತೂ ಪಾಸು, ಮಾರ್ಕ್ಸ್ ಕಾರ್ಡ್ ತಂದಿಡು ಅಂದರು. ನೀನಂತೂ ಪಾಸು ಅಂತ ಅವರಿಗೆ ಹೇಳಿದ್ದು ಯಾರು? ಇನ್ಯಾರು, ಇವರೇ. ಸೂಪರಿಂಟೆಂಡೆಂಟ್ ಸಾರ್ ನಮ್ಮ ಹೋಟೆಲಿನ ಮೈಸೂರುಪಾಕಿನ ಗಿರಾಕಿ. ಕಾರ್ಡು ಊರಲ್ಲಿದೆ, ತರಿಸುತ್ತೇನೆ ಅಂದುಬಿಟ್ಟೆ. ಹೊರಗೆ ಬಂದು ನಾಲಿಗೆ ಕಚ್ಚಿಕೊಂಡೆ.

ಮನೆಯಲ್ಲಿ ಇವರು ಕೂಡಲೇ ಊರಿಗೆ ಫೋನ್ ಮಾಡಿ ಕಾರ್ಡು ಹುಡುಕಿಸುತ್ತೇನೆ ಅಂತ ಹೊರಟರು. ಊರಿನಲ್ಲಿ ನನ್ನ ಅಕ್ಕನಿಗೆ ನಾನೇ ಹೇಳಿದ್ದೇನೆ, ನೀವು ಸುಮ್ಮನಿರಿ ಅಂತ ರೇಗಿದೆ. ತಪ್ಪು ನನ್ನದಾದಾಗೆಲ್ಲ ನಾನು ಹೀಗೇ ರೇಗುವುದು. ಎರಡು ದಿನ ಬಿಟ್ಟು, ಶಾಲೆ ಬಿಟ್ಟವರಿಗೆ ಹತ್ತನೇ ಕ್ಲಾಸು ಪರೀಕ್ಷೆ ಕಟ್ಟಿಸುವ ಪುರಸವಾಕ್ಕಂನ ಒಂದು ಕಡೆ ಹೋಗಿ ಹೆಸರು ಬರೆಸಿದೆ. ಭಾನುವಾರ ಕ್ಲಾಸು. ಭಾನುವಾರ ಹೋಟೆಲಿಗೆ ರಶ್ಶು, ಇವರು ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮಗಳಿಗೆ ಲ್ಯಾಬ್ ಕ್ಲೀನಿಂಗ್ ಇದೆ ಅಂದೆ. ಸುಳ್ಳಿನ ಮೇಲೆ ಇನ್ನೊಂದು.

ಬೇರೆ ನಾಲ್ಕು ವಿಷಯ ಹೇಗೋ ಆಗುತ್ತಿತ್ತು. ನನಗೆ ಹೆದರಿಕೆ ಗಣಿತದ್ದು, ಅದರಲ್ಲೂ ರೇಖಾಗಣಿತದ್ದು. ಕ್ಲಾಸಿನ ಮೇಷ್ಟ್ರು ಇಂಗ್ಲಿಷಿನಲ್ಲಿ ಎರಡು ಮಾತು, ತಮಿಳಿನಲ್ಲಿ ನಾಲ್ಕು ಮಾತು ಹೇಳಿ ಪ್ರಮೇಯಕ್ಕೆ ಹಾರುತ್ತಿದ್ದರು. ನನಗೋ ಬುಡವೇ ಗಟ್ಟಿ ಇಲ್ಲ. ಆಗ ಹೊಳೆದದ್ದು ಸಹನಾಳ ಪುಸ್ತಕ. ಅವಳ ಪುಸ್ತಕದಲ್ಲಿ ಎಲ್ಲವೂ ಮೊದಲಿನಿಂದ ಇತ್ತು. ಬಿಂದು ಅಂದರೆ ಏನು, ರೇಖೆ ಅಂದರೆ ಏನು, ಅಲ್ಲಿಂದ.

ಸಂಜೆ ನಾಲ್ಕಕ್ಕೆ ಅವಳು ಬಂದ ಕೂಡಲೇ ಹಾಲು ಕೊಟ್ಟು, ಪುಸ್ತಕ ತೆಗಿ, ಅರ್ಥ ಮಾಡಿಕೊಂಡು ಓದಿದ್ದೀಯೋ ಇಲ್ಲವೋ ನೋಡುತ್ತೇನೆ, ನನಗೆ ಗೊತ್ತಿಲ್ಲದವಳು ಅಂದುಕೊಂಡು ಹೇಳು ಅನ್ನುತ್ತಿದ್ದೆ. ಪಾಪ, ಅವಳು ಹೇಳುತ್ತಿದ್ದಳು. ಅರ್ಧ ತಮಿಳು, ಅರ್ಧ ಇಂಗ್ಲಿಷು. ನಾನು ಕನ್ನಡದಲ್ಲಿ ಕೇಳಿದರೂ ಅವಳು ಕನ್ನಡದಲ್ಲಿ ಉತ್ತರ ಕೊಟ್ಟದ್ದು ಆವರೆಗೆ ಇಲ್ಲವೆಂದರೂ ಸರಿ. ಹೆಸರು ಸಹನಾ, ಗುಣ ಪೂರ್ತಿ ನನ್ನದು. ಮಂಚದ ಮೇಲೆ ಕಾಲು ಕುಣಿಸುತ್ತ, ರೇ ಅಂದರೆ ಒಂದು ಕಡೆ ಕೊನೆ ಇದೆ, ಇನ್ನೊಂದು ಕಡೆ ಇಲ್ಲ, ಲೈನಿಗೆ ಎರಡೂ ಕಡೆ ಕೊನೆ ಇಲ್ಲ, ಸೆಗ್ಮೆಂಟಿಗೆ ಎರಡೂ ಕಡೆ ಇದೆ ಅಂತ ಒದರುತ್ತಿದ್ದಳು. ಕೇಳುತ್ತಿದ್ದ ಹಾಗೆ ನನ್ನೊಳಗೆ ಹಳೆಯ ಕನ್ನಡ ಶಾಲೆಯ ಮಾತು ಎದ್ದು ಬರುತ್ತಿತ್ತು. ಉದ್ದ, ಅಗಲ, ದಪ್ಪ ಇಲ್ಲದೆ ಸ್ಥಾನವನ್ನು ಮಾತ್ರ ಸೂಚಿಸುವುದು ಬಿಂದು. ಕಿರಣ, ರೇಖಾಖಂಡ, ಲಘುಕೋನ, ವಿಶಾಲಕೋನ. ಇಷ್ಟು ವರ್ಷ ಎಲ್ಲಿ ಅಡಗಿದ್ದವೋ.

ಬಸ್ಸಿನಲ್ಲಿ, ಸಂತೆಯಲ್ಲಿ, ನಳಿಗೆ ತೊಳೆಯುವಾಗ ಬಾಯಲ್ಲಿ ಅದೇ. ಎಗ್ಮೋರ್ ಸ್ಟೇಷನ್ ಪಕ್ಕದ ಸೇತುವೆ ಮೇಲೆ ನಡೆಯುವಾಗ ಕೆಳಗಿನ ಹಳಿ ನೋಡಿ, ಎಷ್ಟು ದೂರ ಬೆಳೆಸಿದರೂ ಸೇರದ ರೇಖೆಗಳು ಸಮಾಂತರ ರೇಖೆಗಳು ಅಂತ ಜೋರಾಗಿಯೇ ಹೇಳಿಬಿಟ್ಟೆ. ಪಕ್ಕದಲ್ಲಿ ಹೂ ಮಾರುವ ಹೆಂಗಸು ನನ್ನನ್ನು ನೋಡಿ ಬುಟ್ಟಿ ಸ್ವಲ್ಪ ಆಚೆ ಎಳೆದುಕೊಂಡಳು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಚತುರ್ಭುಜದ ಪಾಠ ಬಂತು. ಪುಸ್ತಕದಲ್ಲಿ ಎರಡು ಚಿತ್ರ ಅಕ್ಕಪಕ್ಕ ಇದ್ದವು. ಒಂದು ನೆಟ್ಟಗೆ ಕೂತ ಚೌಕ. ಇನ್ನೊಂದು ಮೂಲೆಯ ಮೇಲೆ ನಿಂತದ್ದು. ಸಹನಾ ಇದೂ ಚೌಕವೇನಮ್ಮಾ ಅಂತ ಕೇಳಿದಳು. ಮೊದಲ ಸಲ ಅವಳು ನನ್ನನ್ನು ಕೇಳಿದ್ದು, ಅದೂ ನನಗೆ ಚೆನ್ನಾಗಿ ಗೊತ್ತಿದೆ ಅಂತ ನಾನು ತಿಳಿದಿದ್ದ ವಿಷಯ. ಖುಷಿಯಲ್ಲಿ ಹೇಳಿದೆ, ಕೂತರೆ ಚೌಕ, ನಿಂತರೆ ವಜ್ರಾಕೃತಿ, ರಾಂಬಸ್, ಅಷ್ಟು ನೆನಪಿಟ್ಟುಕೋ ಸಾಕು. ಅವಳು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು. ಅಮ್ಮ ಹೇಳಿದ್ದಲ್ಲವೇ.

ದೀಪಾವಳಿಗೆ ಮುಂಚಿನ ವಾರ ನಮ್ಮ ಹೋಟೆಲಿನಲ್ಲಿ ಒಂದು ರೂಢಿ ಇದೆ. ಸ್ವೀಟಿನ ಆರ್ಡರು ಮೇಲಿಂದ ಮೇಲೆ ಬರುವುದರಿಂದ ಕೆಲಸಗಾರರ ಮನೆಯ ಹೆಂಗಸರೆಲ್ಲ ಹೋಗಿ ಬಾಕ್ಸ್ ತುಂಬಿಸಿಕೊಡುತ್ತಾರೆ. ಹಿಂದಿನ ಕಿಚನ್ನಿನಲ್ಲಿ ತುಪ್ಪದ ಹೊಗೆ, ನೆಲವೆಲ್ಲ ಜಾರುತ್ತಿತ್ತು. ಹೊರಗೆ ಮೋಡ ಕವಿದು ಗಾಳಿಯೇ ಇರಲಿಲ್ಲ. ಇವರು ಮರದ ಪಟ್ಟಿ ಇಟ್ಟು ಉದ್ದ ಚೂರಿಯಲ್ಲಿ ಟ್ರೇ ಕತ್ತರಿಸುತ್ತಿದ್ದರು. ಮೈಸೂರುಪಾಕು ಅಡ್ಡ ಉದ್ದ ಕತ್ತರಿಸಿ ಚೌಕ, ಗೋಡಂಬಿ ಬರ್ಫಿ ಓರೆಯಾಗಿ ಕತ್ತರಿಸಿ ವಜ್ರದ ಆಕಾರ. ಅಳತೆಗೋಲು ಇಲ್ಲ, ಗುರುತು ಇಲ್ಲ. ಒಂದು ತುಂಡೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ಅಂಚಿನಲ್ಲಿ ಉಳಿಯುವ ಮುಕ್ಕೋನದ ಚೂರು ಕೆಲಸದವರಿಗೆ.

ಬಾಕ್ಸಿನ ನಡುವೆ ಒಂದು ತುಂಡಿನ ಜಾಗ ಬಿಟ್ಟಿರುತ್ತದೆ, ಅಲ್ಲಿ ಸ್ವೀಟನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ತಿರುಗಿಸಿ ಇಡಬೇಕು, ಚಂದಕ್ಕೆ. ಇವರು ಮಾದರಿಗೆ ಒಂದು ಬಾಕ್ಸ್ ತುಂಬಿಸಿ ತೋರಿಸಿದರು. ನಡುವಿನ ತುಂಡಿನ ಮೇಲೆ ಬೆಳ್ಳಿ ರೇಕು ಅಂಟಿಸಿದ್ದರಿಂದ ಬಣ್ಣ ಕಾಣುತ್ತಿರಲಿಲ್ಲ, ಆಕಾರ ಮಾತ್ರ. ನಾನು ನೋಡಿಕೊಂಡು ನಡುವೆ ಗೋಡಂಬಿ ಬರ್ಫಿ ಇಡುತ್ತ ಹೋದೆ. ಹತ್ತು ಬಾಕ್ಸ್ ಆದ ಮೇಲೆ ಇವರು ಬಂದು ನೋಡಿ, ಇದೆಂತ ಮಾಡಿದ್ದು, ನಡುವೆ ಬರುವುದು ಮೈಸೂರುಪಾಕು ಅಂದರು. ಅಲ್ಲ, ನೀವು ಇಟ್ಟದ್ದು ವಜ್ರದ ತುಂಡು ಅಂತ ನಾನು ವಾದಕ್ಕೆ ನಿಂತೆ. ಇವರು ಮಾದರಿ ಬಾಕ್ಸಿನ ನಡುವಿನ ತುಂಡನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿದರು. ಚೌಕ. ಮತ್ತೆ ಹಿಂದಕ್ಕೆ ತಿರುಗಿಸಿದರು.

“ಅದೇ ತುಂಡ್ ಮಾರಾಯ್ತಿ. ತಿರ್ಗಿಸಿ ಇಟ್ಟದ್ದ್. ತಿರ್ಗಿಸಿ ಇಟ್ಟ ಕೂಡ್ಲೆ ಬೇರೆ ಆತ್ತಾ?”

ಆಮೇಲೆ ಅವರು ಬರ್ಫಿಯ ತುಂಡೊಂದನ್ನು ಪಕ್ಕದಲ್ಲಿಟ್ಟು ತೋರಿಸಿದರು. ಇದಕ್ಕೆ ಎರಡು ಮೂಲೆ ಚೂಪು, ಎರಡು ಮೂಲೆ ಅಗಲ. ಮೈಸೂರುಪಾಕಿಗೆ ನಾಲ್ಕೂ ಮೂಲೆ ಒಂದೇ, ಹೇಗೆ ತಿರುಗಿಸಿದರೂ ಒಂದೇ. ಬದಿ ಎರಡಕ್ಕೂ ಸಮ, ವ್ಯತ್ಯಾಸ ಇರುವುದು ಮೂಲೆಯಲ್ಲಿ. ಐದನೇ ಕ್ಲಾಸಿನ ಮನುಷ್ಯ ಬೆವರು ಒರೆಸಿಕೊಳ್ಳುತ್ತ ಇಷ್ಟು ಹೇಳಿ ಒಲೆಯ ಕಡೆ ಹೋದರು. ನಾನು ಕೈಯಲ್ಲಿ ಬರ್ಫಿ ಹಿಡಿದುಕೊಂಡು ಕಂಬದ ಹಾಗೆ ನಿಂತೆ.

ಯಾಕೆಂದರೆ ಊರಿನ ಆ ಪರೀಕ್ಷೆಯಲ್ಲಿ ಬಂದದ್ದು ಅದೇ. ಮೂಲೆಯ ಮೇಲೆ ನಿಂತ ಚೌಕದ ಚಿತ್ರ. ನಾನು ವಜ್ರಾಕೃತಿ ಅಂತ ಬರೆದು, ಮುಂದಿನದನ್ನೆಲ್ಲ ಅದರ ಮೇಲೆಯೇ ಕಟ್ಟಿದ್ದೆ. ಎಲ್ಲಿ ಮಾರ್ಕು ಹೋಯಿತು ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ. ಅಂದು ಗೊತ್ತಾಯಿತು. ಅಳು ಬಂತು, ನಗುವೂ ಬಂತು. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಸಹನಾಳ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಸಾಲು ಹಾಗೇ ಇತ್ತು.

ಮನೆಗೆ ಹೋದ ಕೂಡಲೇ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಅಮ್ಮನಿಗೆ ಚೌಕ ಯಾವುದು ಅಂತ ಗೊತ್ತಿರಲಿಲ್ಲವೇ ಅಂತ ಕೇಳಿದರೆ? ನಾಳೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಬೀದಿಯಲ್ಲಿ ಮೊಣಕಾಲು ಮಟ್ಟ ನೀರು, ಶಾಲೆಗೆ ನಾಲ್ಕು ದಿನ ರಜೆ. ಹೋಟೆಲಿಗೆ ಮಳೆಯ ರಜೆ ಅಂತ ಇಲ್ಲ, ಇವರು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ನಾನು ಮಗಳು ಇಬ್ಬರೇ ಮನೆಯಲ್ಲಿ. ಕರೆಂಟಿಲ್ಲ, ಗೋಡೆ ಒದ್ದೆ, ಹೊಸ್ತಿಲಿಗೆ ಗೋಣಿಚೀಲ ಒತ್ತಿ ನೀರು ತಡೆಯುವುದೇ ಕೆಲಸ. ಹೇಳಲು ಅದಕ್ಕಿಂತ ಒಳ್ಳೆ ಹೊತ್ತು ಯಾವುದಿತ್ತು? ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗಿದೆ. ಸಹನಾ ಕೂತ್ಕೋಮ್ಮಾ, ತಲೆ ಸುತ್ತುತ್ತದೆ ಅಂತ ತಮಿಳಿನಲ್ಲಿ ಬೈದಳು. ಕೂರಲೂ ಇಲ್ಲ, ಹೇಳಲೂ ಇಲ್ಲ.

ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಆಯಿತು. ಗಣಿತದಲ್ಲಿ ಅವಳಿಗೆ ಐವತ್ತಕ್ಕೆ ಹದಿನೇಳು. ಪೇಪರ್ ಕೈಗೆತ್ತಿಕೊಂಡೆ. ಮೂರನೇ ಪುಟದಲ್ಲಿ ಮೂಲೆಯ ಮೇಲೆ ನಿಂತ ಚಿತ್ರ, ಕೆಳಗೆ ಅವಳ ದುಂಡು ಅಕ್ಷರದಲ್ಲಿ ರಾಂಬಸ್, ಅದರ ಮೇಲೆ ಕೆಂಪು ಗೀಟು. ನಾಲ್ಕು ಮಾರ್ಕು ಅಲ್ಲೇ ಹೋಗಿತ್ತು. ಇವರು ಸಂಜೆ ಬಂದು ಸಂಗತಿ ಕೇಳಿ ಗದರಲಿಲ್ಲ, ಬೇಜಾರಿನಲ್ಲಿ ಅಮ್ಮನನ್ನು ಕಂಡು ಕಲಿ ಮಗಾ, ಆ ಕಾಲದಲ್ಲಿ ಹಳ್ಳಿಯಲ್ಲಿ ಪಾಸು ಮಾಡಿದವಳು ಅಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ ಅಷ್ಟಕ್ಕೆ ಅತ್ತುಬಿಟ್ಟಳು.

“ನಾನ್ ಉನ್ನ ಮಾದಿರಿ ಇಲ್ಲಮ್ಮಾ,” ಅಂದಳು. ನಾನು ನಿನ್ನ ಹಾಗಲ್ಲಮ್ಮಾ. ನೀನು ಸರಿಯಾಗಿಯೇ ಹೇಳಿಕೊಟ್ಟಿದ್ದಿ, ನನ್ನ ದಡ್ಡ ತಲೆಗೇ ಹತ್ತಲಿಲ್ಲ ಅಂತ ತಮಿಳಿನಲ್ಲಿ ಹೇಳಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಗಿದ್ದೂ ನಿಜ ಹೇಳಿದೆನೇ? ಇಲ್ಲ. ಮರುದಿನ ಅವಳ ಪುಸ್ತಕ ತೆಗೆದು ಪೆನ್ಸಿಲಿನ ಸಾಲನ್ನು ಒರೆಸಿ, ಹೊಸ ಪುಸ್ತಕದಲ್ಲಿ ಬದಲಾಯಿಸಿದ್ದಾರೆ ಕಾಣುತ್ತದೆ, ನಮ್ಮ ಕಾಲದಲ್ಲಿ ಬೇರೆ ಇತ್ತು ಅಂದೆ. ರೇಖಾಗಣಿತವನ್ನು ಬದಲಾಯಿಸಿದ್ದಾರಂತೆ! ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಅವಳು ನಂಬಿದಳು. ಅವಳು ನಂಬಿದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಆ ದಿನದಿಂದ ನಾನು ಓದಿದ್ದು ಅಟೆಂಡರ್ ಕೆಲಸಕ್ಕಲ್ಲ, ಹಟಕ್ಕೆ. ಪಾಸಾಗಿ ಕಾರ್ಡು ಕೈಗೆ ಬಂದರೆ ಸುಳ್ಳು ಹೇಗೋ ನಿಜವಾಗಿಬಿಡುತ್ತದೆ, ಎಲ್ಲ ಸರಿಹೋಗುತ್ತದೆ ಅಂತ ನನ್ನ ಲೆಕ್ಕಾಚಾರ. ಬರೇ ಬಾಯಿಪಾಠ ಬಿಟ್ಟೆ. ಪ್ರತಿ ಚಿತ್ರವನ್ನೂ ಬರೆದು ಪುಸ್ತಕವನ್ನು ನಾಲ್ಕೂ ಕಡೆ ತಿರುಗಿಸಿ ನೋಡುತ್ತಿದ್ದೆ. ಆಯತವೂ ಸಮಾಂತರ ಚತುರ್ಭುಜವೇ. ಚೌಕವೂ ವಜ್ರಾಕೃತಿಯೇ, ಆದರೆ ವಜ್ರಾಕೃತಿಯೆಲ್ಲ ಚೌಕವಲ್ಲ. ವೃತ್ತದ ಅಂಚಿನ ಯಾವ ಬಿಂದುವಿಗೂ ಕೇಂದ್ರದಿಂದ ಒಂದೇ ದೂರ. ಸಹನಾ ಕೈವಾರ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟಳು. ಮುಳ್ಳನ್ನು ಒತ್ತಬೇಡ, ತಲೆಯನ್ನು ಮಾತ್ರ ತಿರುಗಿಸು ಅಂತ. ನನಗೆ ಯಾಕೆ ಇಷ್ಟು ಹುಚ್ಚು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ತೋರಿಸಿಕೊಡುತ್ತ ತೋರಿಸಿಕೊಡುತ್ತ ಅವಳ ಕೈಯೂ ಕುದುರಿತು.

ಪರೀಕ್ಷೆ ಏಪ್ರಿಲಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಕೋಣೆಯಲ್ಲಿದ್ದ ಎರಡು ಫ್ಯಾನಿನಲ್ಲಿ ಒಂದು ತಿರುಗುತ್ತಿತ್ತು, ಅದು ನನ್ನ ತಲೆ ಮೇಲೆ ಇರಲಿಲ್ಲ. ನನ್ನ ಮುಂದೆ ಒಬ್ಬ ಆಟೋ ಡ್ರೈವರು, ಹಿಂದೆ ಎಣ್ಣೂರಿನಿಂದ ಬಂದ ಮೀನು ಮಾರುವ ಹೆಂಗಸು, ಅವಳಿಗೂ ನನ್ನಷ್ಟೇ ವಯಸ್ಸು. ನಾನು ವರ್ಷವಿಡೀ ಕಾದು ಕೂತಿದ್ದ ಚೌಕ ಬರಲೇ ಇಲ್ಲ. ಬಂದದ್ದು ಒಂದು ಲಂಬಕೋನ ತ್ರಿಭುಜ, ಅದೂ ವಿಕರ್ಣದ ಮೇಲೆ ಅಡ್ಡ ಮಲಗಿದ್ದು. ಲಂಬಕೋನ ಎಲ್ಲೋ ಮೇಲಿತ್ತು. ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಪ್ರಶ್ನೆಪತ್ರಿಕೆಯನ್ನೇ ಮೆಲ್ಲ ತಿರುಗಿಸಿದೆ. ಮೇಲ್ವಿಚಾರಕಿ ಓಡಿ ಬಂದು ಏನಮ್ಮ ತೋರಿಸುತ್ತಿದ್ದೀಯ ಯಾರಿಗೆ ಅಂತ ಗದರಿದರು. ಯಾರಿಗೂ ಅಲ್ಲ, ನನಗೇ ತೋರಿಸಿಕೊಳ್ಳುತ್ತಿದ್ದೇನೆ ಅಂದೆ. ತಿರುಗಿಸಿಟ್ಟದ್ದು ಬೇರೆ ಆಗುವುದಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಬರೆದೆ.

ಜೂನ್ ಕೊನೆಗೆ ಫಲಿತಾಂಶ ಬಂತು. ಗಣಿತದಲ್ಲಿ ಐವತ್ತಮೂರು. ಮಾರ್ಕ್ಸ್ ಕಾರ್ಡು ಕೈಗೆ ಬಂದ ದಿನ ಪುರಸವಾಕ್ಕಂನ ಆ ಮೆಟ್ಟಿಲ ಮೇಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಆಗ ಕಂಡದ್ದು ಇಸವಿ. ಮೇಲೆ, ನನ್ನ ಹೆಸರಿನ ಪಕ್ಕದಲ್ಲೇ, ದಪ್ಪ ಅಂಕಿಯಲ್ಲಿ ಆ ವರ್ಷದ ಇಸವಿ. ಅಯ್ಯೋ ಗಿರಿಜಾ, ಇಷ್ಟು ಓದಿದೆಯಲ್ಲ, ಇದೊಂದು ತಲೆಗೆ ಹೋಗಲಿಲ್ಲವೇ? ನಾನು ಪಾಸು ಅಂತ ಹೇಳುವ ಕಾಗದವೇ ನಾನು ಅಷ್ಟು ವರ್ಷ ಫೇಲು ಅಂತಲೂ ಹೇಳುತ್ತಿತ್ತು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವಂತಿರಲಿಲ್ಲ.

ಸೂಪರಿಂಟೆಂಡೆಂಟ್ ಸಾರ್ ಕಾರ್ಡನ್ನು ಕನ್ನಡಕದ ಕೆಳಗಿನಿಂದ ನೋಡಿ, ಇಸವಿಯ ಮೇಲೆ ಬೆರಳಿಟ್ಟು, ಒಂದು ಕ್ಷಣ ನನ್ನ ಮುಖ ನೋಡಿದರು. ಕೇಳಿದ್ದು ಪಾಸು, ಇದು ಪಾಸು, ಇಸವಿ ಕೇಳುವುದು ನನ್ನ ಕೆಲಸವಲ್ಲ ಅಂತ ಜೆರಾಕ್ಸ್ ತೆಗೆಯಲು ಕಳಿಸಿದರು. ಕೆಲಸ ಸಿಕ್ಕಿತು. ಇವರು ಹೋಟೆಲಿನಲ್ಲಿ ಎಲ್ಲರಿಗೂ ಸ್ವೀಟು ಹಂಚಿದರು. ಊರಿನಿಂದ ಕಾರ್ಡು ಬಂತಲ್ಲ ಸಮಯಕ್ಕೆ ಅಂತ ನಿಟ್ಟುಸಿರು ಬಿಟ್ಟರು. ಅವರು ಕಾರ್ಡು ತೋರಿಸು ಅಂತ ಕೇಳಲೇ ಇಲ್ಲ. ಅದು ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಇತ್ತು. ಅಲ್ಲೇ ಇದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹನ್ನೊಂದು ದಿನ ಹಾಗೇ ಇಟ್ಟೆ. ಹನ್ನೊಂದು ದಿನವೂ ಟ್ರಂಕಿನ ಹತ್ತಿರ ಹೋಗಿ ಬಂದು ಮಾಡಿದೆ.

ಹನ್ನೆರಡನೇ ದಿನ ಇವರಿಗೆ ರಜೆ. ಬೆಳಿಗ್ಗೆ ಸಹನಾ ಎಂಟನೇ ಕ್ಲಾಸಿನ ಗಣಿತದ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಳು. ಈ ಸಲವೂ ನನಗೆ ಬರುವುದಿಲ್ಲ, ಅಮ್ಮನ ತಲೆ ನನಗಿಲ್ಲ ಅಂತ ಅಪ್ಪನ ಹತ್ತಿರ ಹೇಳುತ್ತಿದ್ದಳು, ಅಳುತ್ತಲೂ ಇರಲಿಲ್ಲ, ಸುಮ್ಮನೆ, ಮಳೆ ಬರುತ್ತದೆ ಅನ್ನುವ ಹಾಗೆ. ನನಗೆ ತಡೆಯಲಾಗಲಿಲ್ಲ. ಟ್ರಂಕು ತೆಗೆದು ಕಾರ್ಡನ್ನು ತಂದು ಇಬ್ಬರ ನಡುವೆ ಇಟ್ಟೆ. ಇವರಿಗೆ ಇಂಗ್ಲಿಷು ಬರುವುದಿಲ್ಲ, ಅಂಕಿ ಬರುತ್ತದೆ. ಇಸವಿಯನ್ನು ನೋಡಿದರು, ಗೋಡೆಯ ಕ್ಯಾಲೆಂಡರು ನೋಡಿದರು, ಮತ್ತೆ ಕಾರ್ಡು ನೋಡಿದರು.

ಎಲ್ಲ ಹೇಳಿದೆ. ಹೆಣ್ಣು ನೋಡಲು ಬಂದ ದಿನದಿಂದ ಭಾನುವಾರದ ಲ್ಯಾಬ್ ಕ್ಲೀನಿಂಗ್‌ವರೆಗೆ. ಸಹನಾಳ ಕಡೆ ತಿರುಗಿ, ಚೌಕದ ವಿಷಯ ಪುಸ್ತಕದಲ್ಲಿ ಬದಲಾದದ್ದಲ್ಲ, ನಾನು ತಪ್ಪು ಹೇಳಿಕೊಟ್ಟದ್ದು, ನಿನ್ನ ನಾಲ್ಕು ಮಾರ್ಕು ಹೋದದ್ದು ನನ್ನಿಂದ, ನನ್ನ ಮಾರ್ಕೂ ಹಿಂದೆ ಅಲ್ಲೇ ಹೋಗಿತ್ತು ಅಂದೆ.

“ಅಷ್ಟೂ ವರ್ಷ ನನ್ನತ್ರ ಹೇಳ್ಲಿಲ್ಲ ನೀನು,” ಅಂದರು ಇವರು. ಅಷ್ಟೇ. ರಜೆಯ ದಿನ ಅಂಗಿ ಹಾಕಿಕೊಂಡು ಹೋಟೆಲಿಗೆ ಹೋದರು.

ಸಹನಾ ಕಾರ್ಡನ್ನು ಎತ್ತಿಕೊಂಡು ಒಂದೊಂದೇ ವಿಷಯದ ಮಾರ್ಕು ಓದಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ತಲೆಯೆತ್ತಿ, ಕನ್ನಡದಲ್ಲಿ, ತಡವರಿಸುತ್ತ ಕೇಳಿದಳು.

“ಅಮ್ಮ, ಆಗ ನಿಂಗೆ ಎಷ್ಟು ಬಂದಿತ್ತು?”

“ಇಪ್ಪತ್ತೆಂಟು. ನೂರಕ್ಕೆ.”

ಅವಳು ಬೆರಳಲ್ಲಿ ಎಣಿಸಿದಳು. ಐವತ್ತಕ್ಕೆ ಹದಿನೇಳು, ನೂರಕ್ಕೆ ಮೂವತ್ತನಾಲ್ಕು.

“ನಂಗೇ ಜಾಸ್ತಿ,” ಅಂದಳು. ಅಂದವಳು ನಕ್ಕಳು. ಡಿಸೆಂಬರಿನಿಂದ ಆಚೆಗೆ ಗಣಿತದ ಪುಸ್ತಕ ಹತ್ತಿರವಿದ್ದಾಗ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನೂ ನಕ್ಕೆ, ಆಮೇಲೆ ಇಬ್ಬರೂ ಅತ್ತೆವು.

ಇವರು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಬರುತ್ತಿದ್ದರು, ಉಣ್ಣುತ್ತಿದ್ದರು, ಹೋಗುತ್ತಿದ್ದರು. ಸ್ನಾನಕ್ಕೆ ನೀರು ಕಾದಿದೆಯೇ ಅನ್ನುವುದನ್ನೂ ಮಗಳ ಮೂಲಕ ಕೇಳಿಸುತ್ತಿದ್ದರು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗುತ್ತಿದ್ದೆ. ಹೋಟೆಲಿನವರಿಗೆ ಹೇಳಿರುತ್ತಾರೋ, ಇಲ್ಲವೋ, ಯಾವುದು ಹೆಚ್ಚು ಹೆದರಿಕೆ ಅಂತ ನನಗೇ ತಿಳಿಯುತ್ತಿರಲಿಲ್ಲ.

ಐದನೇ ದಿನ ಸಂಜೆ ಇವರು ಬೇಗ ಬಂದರು. ಸಹನಾಳ ಶಾಲೆಯಿಂದ ಆ ವರ್ಷದ ವಿವರದ ಹಾಳೆ ಬಂದಿತ್ತು, ಮರುದಿನವೇ ಕೊಡಬೇಕು. ನಾನು ನೆಲದ ಮೇಲೆ ಕೂತು ತುಂಬುತ್ತಿದ್ದೆ. ಇವರು ಕೈಕಾಲು ತೊಳೆದುಕೊಂಡು ಬಂದು ಹಳೆಯ ಜಾಗದಲ್ಲೇ, ನನ್ನ ಪಕ್ಕದಲ್ಲಿ ಕೂತರು. ಕಾಲು ಮೇಲೆ ಕಾಲು ಹಾಕಲಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ತಂದೆಯ ಕೆಲಸ ಬರೆದೆ. ತಾಯಿಯ ವಿದ್ಯಾಭ್ಯಾಸ ಅನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು.

ಇವರು ನೋಡುತ್ತಿದ್ದರು. ನಾನು ಹತ್ತನೇ ಕ್ಲಾಸು ಪಾಸ್ ಅಂತ ಬರೆದೆ. ಅಕ್ಷರ ಹಿಂದಿನ ವರ್ಷಗಳಷ್ಟು ನೆಟ್ಟಗೆ ಬರಲಿಲ್ಲ.

“ಸಿಟ್ಟ್ ಇತ್ತ್ ನಂಗೆ,” ಅಂದರು. “ಅದ್ ಬೇರೆ. ನೀನು ಪಾಸಾದ್ದ್ ಬೇರೆ.” ಆ ಸಾಲಿನ ಮೇಲೆ ಬೆರಳಿಟ್ಟರು. ಬೆರಳಿಗೆ ಇನ್ನೂ ತುಪ್ಪದ ವಾಸನೆ ಇತ್ತು.

“ಇಸ್ವಿನೂ ಬರಿ.”

ಕುಟುಕಲು ಹೇಳಿದರೋ, ಹೆಮ್ಮೆಗೆ ಹೇಳಿದರೋ, ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇವತ್ತಿಗೂ ಕೇಳಿಲ್ಲ. ಆ ಹಾಳೆಯಲ್ಲಿ ಇಸವಿಗೆ ಜಾಗ ಇರಲಿಲ್ಲ. ಬದಿಯಲ್ಲಿ ಸಣ್ಣದಾಗಿ ಬರೆದೆ.